ಏಣಿ ಕೊಟ್ಟು ತಿಮಿಂಗಿಲ ತಂದದ್ದು

ಸ್ವಂತ ಮಗಳ ಜೊತೆ ಅರ್ಧ ಗಂಟೆ ಕಳೆಯಬೇಕಾದರೆ ಹಲ್ಲು ನೋಯಿಸಿಕೊಳ್ಳಬೇಕು ಎಂಬ ಸ್ಥಿತಿ ಯಾವ ತಂದೆಗೂ ಬರಬಾರದು. ಹಳೆಯ ಪೀಠೋಪಕರಣಗಳ ಅಂಗಡಿಯ ಯಜಮಾನರಿಗೆ ಬಂದಿತ್ತು. ಮಗಳು ದಂತವೈದ್ಯೆ. ಮದುವೆಯಾಗಿ ಊರಿನ ಇನ್ನೊಂದು ತುದಿಗೆ ಹೋದಮೇಲೆ ಅವಳು ಅಪ್ಪನನ್ನು ಸಮಾಧಾನವಾಗಿ ವಿಚಾರಿಸಿಕೊಳ್ಳುತ್ತಿದ್ದದ್ದು ತನ್ನ ಚಿಕಿತ್ಸೆಯ ಕುರ್ಚಿಯಲ್ಲಿ ಮಾತ್ರ. ಅಂಗಡಿ ಹೇಗೆ ನಡೆಯುತ್ತಿದೆ, ಮೊಣಕಾಲು ಹೇಗಿದೆ, ಅಮ್ಮನ ಜೊತೆ ಜಗಳ ಕಡಿಮೆಯಾಗಿದೆಯೇ ಎಂದು ಅಕ್ಕರೆಯಿಂದಲೇ ಕೇಳುತ್ತಿದ್ದಳು. ಕೇಳುವಾಗ ಅವರ ಬಾಯೊಳಗೆ ಒಂದು ಕನ್ನಡಿ, ಒಂದು ಕೊಳವೆ ಮತ್ತು ಅವಳ ಎರಡು ಬೆರಳು ಇರುತ್ತಿದ್ದವು. ಎಲ್ಲ ಪ್ರಶ್ನೆಗೂ ಸೇರಿಸಿ ಅವರು ‘ಆ’ ಎನ್ನುತ್ತಿದ್ದರು. (ಕೊನೆಯ ಪ್ರಶ್ನೆಗೆ ಬಾಯಿ ಖಾಲಿಯಿದ್ದಾಗಲೂ ಅವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಹೊಳೆದಿರಲಿಲ್ಲ.)

ಹೀಗಾಗಿ, ರೈಲು ಓಡಿಸುವ ಅಳಿಯನಿಗೆ ಇನ್ನು ಕೆಲವು ತಿಂಗಳು ಭಾನುವಾರದ ಪಾಳಿ ಬಿತ್ತು ಎಂಬ ಸುದ್ದಿ ಬಂದಾಗ ಯಜಮಾನರು ಮರ್ಯಾದೆಗೆ ತಕ್ಕಷ್ಟು ಮುಖ ಸಪ್ಪೆ ಮಾಡಿ, ಒಳಗೊಳಗೇ ಹಿಗ್ಗಿದರು. ಮಗಳು ಅಳಿಯ ಇಬ್ಬರಿಗೂ ‘ಕೋಟೆ ಲಗ್ಗೆ’ ಎಂಬ ಕಾರ್ಡಿನ ಆಟದ ಹುಚ್ಚು. ತಿಂಗಳಿಗೊಂದು ಭಾನುವಾರ ಆಟಿಕೆ ಅಂಗಡಿಯ ಮಹಡಿಯ ಮೇಲೆ ಜೋಡಿ ಪಂದ್ಯ ನಡೆಯುತ್ತಿತ್ತು. ಜೊತೆಗಾರರು ಬೆಳಗ್ಗೆಯಿಂದ ಸಂಜೆಯವರೆಗೆ ಭುಜಕ್ಕೆ ಭುಜ ತಾಗಿಸಿ ಕೂತು, ಪಿಸುಗುಟ್ಟಿಕೊಂಡು, ಒಂದೇ ಬಾಟಲಿಯ ನೀರು ಕುಡಿದು ಆಡುವ ಆಟ. ಮಗಳ ಪಕ್ಕದ ಆ ಕುರ್ಚಿ ಈಗ ಖಾಲಿ. ಇಡೀ ಒಂದು ಹಗಲು ಅವಳ ಪಕ್ಕದಲ್ಲಿ. ಯಜಮಾನರು ತಮ್ಮ ಉಮೇದುವಾರಿಕೆ ಘೋಷಿಸಿದರು.

ತೊಂದರೆಯೆಂದರೆ ಹೆಂಡತಿಯೂ ಘೋಷಿಸಿದರು.

ಮಗಳು ನ್ಯಾಯವಂತೆ. ತಮ್ಮಲ್ಲಿ ಹೆಚ್ಚಾಗಿದ್ದ ಕಾರ್ಡುಗಳನ್ನು ಎರಡು ಡಬ್ಬಿಗಳಲ್ಲಿ ತುಂಬಿ ಒಂದೊಂದನ್ನು ಇಬ್ಬರಿಗೂ ಕೊಟ್ಟಳು. ಅದರಿಂದ ನಲವತ್ತು ಕಾರ್ಡು ಆರಿಸಿ ತಮ್ಮ ತಮ್ಮ ಕಟ್ಟು ಕಟ್ಟಿಕೊಳ್ಳುವುದು, ಬೇಕಾದರೆ ಪರಸ್ಪರ ಅದಲುಬದಲು ಮಾಡಿಕೊಳ್ಳುವುದು, ಆಮೇಲೆ ಅವಳ ಕಣ್ಣೆದುರು ಒಬ್ಬರ ವಿರುದ್ಧ ಒಬ್ಬರು ಆಡುವುದು. ಗೆದ್ದವರು ಅವಳ ಜೊತೆಗಾರರು. ಆಟದ ಗುರಿ ಎದುರಾಳಿಯ ಗೋಡೆ ಹತ್ತುವುದು. ಒಂದೇ ಬಗೆಯ ಕಾರ್ಡನ್ನು ನಾಲ್ಕರವರೆಗೆ ಇಟ್ಟುಕೊಳ್ಳಬಹುದು. ಕಾರ್ಡು ಕಾರ್ಡಿಗೆ ಹೊಂದಾಣಿಕೆಯೂ ಇದೆ. ಏಣಿಯೊಂದೇ ಬಂದರೆ ಗೋಡೆಯನ್ನು ಸ್ವಲ್ಪ ಹತ್ತಬಹುದು. ಏಣಿಯ ಜೊತೆ ಹಗ್ಗವಿದ್ದರೆ ಬಹುಪಾಲು ಹತ್ತಬಹುದು. ಇವೆರಡರ ಮೇಲೆ ಕಹಳೆಯೂ ಸೇರಿದರೆ ಕಾವಲುಗಾರ ಬೆಚ್ಚಿ ಒಂದು ಸರದಿ ಕೈಕಟ್ಟಿ ನಿಲ್ಲುತ್ತಾನೆ. ಏಣಿ, ಹಗ್ಗ, ಕಹಳೆ ಎಲ್ಲ ಬೂದು ಬಣ್ಣದ ಬಡಪಾಯಿ ಕಾರ್ಡುಗಳು, ಡಬ್ಬಿಯ ತುಂಬ ಬಿದ್ದಿದ್ದವು. ಚಿನ್ನದ ಅಂಚಿನವು ಅಪರೂಪ.

ಅಪರೂಪ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಯಜಮಾನರ ನಲವತ್ತು ವರ್ಷದ ಅನುಭವ ಎದ್ದು ಕೂತಿತು. ಹನ್ನೆರಡು ಕುರ್ಚಿಗಳ ಸೆಟ್ಟಿನಲ್ಲಿ ಹನ್ನೊಂದು ಮುರಿದು ಉಳಿದ ಒಂದೇ ಕುರ್ಚಿಗೆ ಹನ್ನೆರಡರ ಬೆಲೆ ಪಡೆದವರು ಅವರು. ಜಗತ್ತಿನಲ್ಲಿ ಒಂದೇ ಇರುವುದು ಶ್ರೇಷ್ಠ, ಎರಡಿರುವುದು ಸಾಮಾನ್ಯ, ನಾಲ್ಕಿರುವುದು ಸೌದೆ ಎಂಬುದು ಅವರ ಸಿದ್ಧಾಂತ. ಹೆಂಡತಿಯ ಸಿದ್ಧಾಂತ ಬೇರೆ. ಆಸ್ಪತ್ರೆಯ ಬಟ್ಟೆ ಉಗ್ರಾಣವನ್ನು ನಿವೃತ್ತಿಯವರೆಗೂ ನೋಡಿಕೊಂಡವರು. ಕಪಾಟಿನ ಯಾವ ಮೂಲೆಗೆ ಕೈ ಹಾಕಿದರೂ ಅದೇ ಅಳತೆಯ ಬಿಳಿ ಹೊದಿಕೆ ಸಿಗಬೇಕು. ಅಲ್ಲಿ ಜರತಾರಿ ಹೊದಿಕೆ ಸಿಕ್ಕರೆ ಅದು ಅವರ ಮಟ್ಟಿಗೆ ಕಳ್ಳಮಾಲು.

ವ್ಯಾಪಾರ ಶುರುವಾಯಿತು. ಕಣ್ಣಿಗೆ ಬಿದ್ದ ವಸ್ತುವನ್ನು ಮೊದಲು ಹೀಯಾಳಿಸುವುದು, ಆಮೇಲೆ ಕಿಟಕಿಯಾಚೆ ನೋಡುವುದು, ಕಡೆಗೆ ಉಪಕಾರ ಮಾಡುವವರಂತೆ ಕೈಗೆತ್ತಿಕೊಳ್ಳುವುದು ಯಜಮಾನರ ಪದ್ಧತಿ. ಊಟದ ಮೇಜಿನ ಆ ಬದಿಯಲ್ಲಿ ಹೆಂಡತಿಯ ಮುಂದೆ ‘ಕಡಲ ಮಹಾರಾಣಿ’ ಮಿನುಗುತ್ತಿದ್ದಳು.

“ಈ ಮಿಣಮಿಣ ಅನ್ನೋ ಕಾರ್ಡು ನಿನಗ್ಯಾಕೇ, ಅಂಚು ಬೇರೆ ಸವೆದಿದೆ. ಬೇಕಾದ್ರೆ ಎರಡು ಏಣಿ ಕೊಡ್ತೀನಿ.”

“ಒಂದು ಹಗ್ಗನೂ ಹಾಕಿ.”

“ಏಣಿ, ಹಗ್ಗ. ಮನೆಗೆ ಬಣ್ಣ ಹೊಡೆಸ್ತೀಯೇನು?”

“ಏನಾದ್ರೂ ಮಾಡ್ಕೋತೀನಿ. ಕೊಡೋ ಹಾಗಿದ್ರೆ ಕೊಡಿ, ಒಲೆ ಮೇಲೆ ಹಾಲಿದೆ.”

ಯಜಮಾನರು ಕೊಟ್ಟರು. ಮಹಾರಾಣಿ ಈ ಬದಿಗೆ ಬಂದಳು. ಅದೇ ವಾರ ಕಹಳೆಗಳನ್ನು ಕೊಟ್ಟು ಗಾಜಿನ ಸೇನಾಪತಿಯನ್ನೂ, ಇನ್ನೆರಡು ಹಗ್ಗ ಕೊಟ್ಟು ಚಂದ್ರದ್ವಾರವನ್ನೂ, ಇನ್ನೊಂದಷ್ಟು ಬೂದು ಸರಕು ಸುರಿದು ಬೆಂಕಿಯ ಆನೆಯನ್ನೂ ಸಂಪಾದಿಸಿದರು. ಪ್ರತಿ ಸಲವೂ ಹೆಂಡತಿಯ ಮೇಲೆ ತುಸು ಕನಿಕರ ಬಂತು. ಒಮ್ಮೆಯಂತೂ ಮನಸ್ಸು ತಡೆಯದೆ ಒಂದು ಏಣಿಯನ್ನು ಪುಕ್ಕಟೆ ಸೇರಿಸಿದರು.

ಅವರು ಹೂಡಿದ ವ್ಯೂಹ ಭರ್ಜರಿಯಾಗಿತ್ತು. ಸೇನಾಪತಿ ಬಂದರೆ ಚಂದ್ರದ್ವಾರ ತೆರೆಯುತ್ತದೆ. ದ್ವಾರ ತೆರೆದರೆ ಮಹಾರಾಣಿ ಬರುತ್ತಾಳೆ. ಮಹಾರಾಣಿ ಇದ್ದರೆ ಆನೆ ನುಗ್ಗುತ್ತದೆ. ಆನೆ ನುಗ್ಗಿದರೆ ಎದುರಾಳಿಯ ಗೋಡೆ ಒಂದೇ ಏಟಿಗೆ ನೆಲಸಮ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಅವರು ಈ ನಾಲ್ವರನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ನೆಲಸಮವಾದ ಗೋಡೆಯನ್ನೂ ಮಗಳ ಮುಖವನ್ನೂ ಕಲ್ಪಿಸಿಕೊಂಡು, ಗಿರಾಕಿ ಬಂದರೂ ಗಮನಿಸುತ್ತಿರಲಿಲ್ಲ.

ಆಟದ ದಿನ ಮಗಳು ಎರಡೂ ಕಟ್ಟುಗಳನ್ನು ಬೇರೆ ಬೇರೆಯಾಗಿ ಕಲಸಿ ಕೊಟ್ಟಳು. ಯಜಮಾನರ ಕೈಗೆ ಮೊದಲು ಬಂದದ್ದು ಆನೆ. ಮಹಾರಾಣಿ ಇಲ್ಲದೆ ಅದು ಕದಲದು. ಆಮೇಲೆ ಮಹಾರಾಣಿಯೇ ಬಂದಳು. ಬಾಗಿಲು ತೆರೆಯದೆ ಅವಳು ಕಾಲಿಡಳು. ಬಾಗಿಲೂ ಬಂತು, ತೆರೆಯಲು ಸೇನಾಪತಿಯಿಲ್ಲ. ಒಬ್ಬರು ಬರುವ ತನಕ ಇನ್ನೊಬ್ಬರು ಊಟಕ್ಕೆ ಏಳದ ನೆಂಟರ ಹಾಗೆ ಆ ಗಣ್ಯರೆಲ್ಲ ಅವರ ಕೈಯಲ್ಲಿ ಬಿಗಿದುಕೊಂಡು ಕೂತರು. ಅತ್ತ ಹೆಂಡತಿ ಒಂದು ಏಣಿ ಇಟ್ಟರು. ಮುಂದಿನ ಸರದಿಗೆ ಹಗ್ಗ ಇಟ್ಟರು. ಏಣಿ ಮುರಿದರೆ ಮತ್ತೊಂದು ಏಣಿ ಬರುತ್ತಿತ್ತು. ಕಹಳೆ ಊದಿ, ಗೋಡೆ ಹತ್ತಿ ಒಳಗಿಳಿದು, ಹಾಲಿನ ಪಾತ್ರೆ ತೊಳೆಯಲು ಎದ್ದರು.

ಸೇನಾಪತಿ ಕಟ್ಟಿನ ತಳದಲ್ಲಿ ಪವಡಿಸಿದ್ದ.

ಮಗಳು ಅಪ್ಪನ ಕಟ್ಟನ್ನು ಮೇಜಿನ ಮೇಲೆ ಹರಡಿ ನೋಡಿದಳು. ಅಪರೂಪದ ಕಾರ್ಡು ಒಂದೊಂದೇ ಇದ್ದರೆ ಬೇಕಾದ ಹೊತ್ತಿಗೆ ಕೈಗೆ ಬರುವುದಿಲ್ಲ, ಸಾಧಾರಣದ್ದು ನಾಲ್ಕಿದ್ದರೆ ಒಂದಾದರೂ ಬಂದೇ ಬರುತ್ತದೆ ಎಂದು, ಹುಳುಕು ಹಲ್ಲಿನ ವಿಷಯ ತಿಳಿಸುವ ಮೆತ್ತನೆಯ ದನಿಯಲ್ಲಿ ಹೇಳಿದಳು. ಆಮೇಲೆ ಅಮ್ಮನ ಕಟ್ಟು ನೋಡಿ ಬೆರಗಾದಳು.

“ಇಷ್ಟು ಚೊಕ್ಕವಾಗಿ ಕಟ್ಟೋದು ಎಲ್ಲಿ ಕಲಿತೆ ಅಮ್ಮಾ?”

“ನಾನೆಲ್ಲಿ ಕಟ್ಟಿದೆ. ನಿಮ್ಮಪ್ಪ ಒಂದೊಂದಾಗಿ ತಂದುಕೊಟ್ರು.”

ಭಾನುವಾರ ಯಜಮಾನರು ತಾಯಿ ಮಗಳನ್ನು ಕಾರಿನಲ್ಲಿ ಕರೆದುಕೊಂಡು ಹೋದರು. ಚಾಲಕ, ಚೀಲ ಹಿಡಿಯುವವರು, ನೀರು ತುಂಬಿ ತರುವವರು ಎಂಬ ಮೂರು ಹುದ್ದೆಗಳು ಅವರ ಪಾಲಿಗೆ ಬಂದಿದ್ದವು. ಭುಜಕ್ಕೆ ಭುಜ ತಾಗಿಸಿ ಕೂತ ಆ ಇಬ್ಬರೂ ಪಿಸುಗುಟ್ಟಿ ನಕ್ಕಾಗಲೆಲ್ಲ ಅವರು ಬಾಟಲಿಯ ಮುಚ್ಚಳವನ್ನು ಅಗತ್ಯಕ್ಕಿಂತ ಬಿಗಿಯಾಗಿ ತಿರುಗಿಸಿದರು. ಬೆಳಗಿನ ಪಂದ್ಯಗಳನ್ನೆಲ್ಲ ತಾಯಿ ಮಗಳು ಗೆದ್ದರು. ಕೊನೆಯ ಪಂದ್ಯ ಊಟದ ನಂತರ. ಊಟದ ವಿರಾಮದಲ್ಲಿ, ಆಟಿಕೆ ಅಂಗಡಿಯ ನಿಯಮದ ಪ್ರಕಾರ, ಯಾರು ಬೇಕಾದರೂ ಅದಲುಬದಲು ಮಾಡಿ ಕಟ್ಟು ತಿದ್ದಿಕೊಳ್ಳಬಹುದಿತ್ತು.

ಯಜಮಾನರು ಸುಮ್ಮನೆ ಒಂದು ಸುತ್ತು ಹೋದರು. ಮೂಲೆಯ ಮೇಜಿನಲ್ಲಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಅಕ್ಕ ತಂಗಿಯರಿಬ್ಬರು ಬುತ್ತಿ ಬಿಚ್ಚಿ ಕೂತಿದ್ದರು. ಅವರ ಬುತ್ತಿಯ ಪಕ್ಕದಲ್ಲಿ ‘ಹಾರುವ ತಿಮಿಂಗಿಲ’. ಮಹಾರಾಣಿಯ ಎರಡು ವಾಹನಗಳಲ್ಲಿ ಆನೆ ಒಂದು, ಇದು ಇನ್ನೊಂದು. ಜೋಡಿ ಪೂರ್ತಿಯಾಗದೆ ಯಜಮಾನರಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ತಿಮಿಂಗಿಲದ ರೆಕ್ಕೆ ಸೊಟ್ಟಗಿದೆ ಎಂದರು. ಕಿಟಕಿಯಾಚೆ ನೋಡಿದರು. ಕೋಟಿನ ಜೇಬಿನಲ್ಲಿ ಉಳಿದಿದ್ದ ಏಣಿಗಳನ್ನೂ ಒಂದು ಕಹಳೆಯನ್ನೂ ಮೇಜಿನ ಮೇಲೆ ಇಟ್ಟರು. ಅಕ್ಕ ತಂಗಿಯರು ಮುಖ ಮುಖ ನೋಡಿಕೊಂಡು, ಮರುಮಾತಿಲ್ಲದೆ ತಿಮಿಂಗಿಲ ಕೊಟ್ಟುಬಿಟ್ಟರು. ಇಷ್ಟು ಸಲೀಸಾಗಿ ಮೋಸಹೋಗುವವರನ್ನು ಕಂಡು ಯಜಮಾನರಿಗೆ ಪಾಪ ಅನ್ನಿಸಿತು.

ಕೊನೆಯ ಪಂದ್ಯದಲ್ಲಿ ತಾಯಿ ಮಗಳ ಎದುರು ಬಂದು ಕೂತವರು ಆ ಅಕ್ಕ ತಂಗಿಯರೇ.

ಎರಡೂ ಕಡೆ ಏಣಿ, ಎರಡೂ ಕಡೆ ಹಗ್ಗ. ಗೋಡೆಗಳು ಬಹಳ ಹೊತ್ತು ನಿಂತವು. ಕಡೆಗೆ ತಾಯಿ ಮಗಳ ಏಣಿಗಳು ಮುಗಿದವು. ಎದುರಾಳಿಗಳಲ್ಲಿ ಇನ್ನೂ ಒಂದಿತ್ತು, ಒಂದು ಕಹಳೆಯೂ ಇತ್ತು. ಆಟ ಮುಗಿದ ಮೇಲೆ ಅಕ್ಕ ತಂಗಿಯರು ಸಭ್ಯತೆಯಿಂದ ಎಲ್ಲರ ಕೈ ಕುಲುಕಿದರು. ದೊಡ್ಡವಳು ಚೀಲ ಹಿಡಿದು ನಿಂತಿದ್ದ ಯಜಮಾನರ ಹತ್ತಿರ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದಳು: “ನಿಮ್ಮ ಉಪಕಾರ ಮರೆಯೋಲ್ಲ ಅಣ್ಣಾ. ನೀವು ಏಣಿ ಕೊಡದೇ ಇದ್ದಿದ್ರೆ ನಾವು ಹತ್ತುತ್ತಲೇ ಇರಲಿಲ್ಲ.”

ಕಾರು ಮನೆಯತ್ತ ಹೊರಟಿತು. ಹಿಂದಿನ ಸೀಟಿನಲ್ಲಿ ಹೆಂಡತಿ ಕೈ ಚಾಚಿದರು. ಯಜಮಾನರು ಜೇಬಿನಿಂದ ತಿಮಿಂಗಿಲವನ್ನು ತೆಗೆದು ಹಿಂದಕ್ಕೆ ಕೊಟ್ಟರು. ಹೆಂಡತಿ ಅದನ್ನು ತಿರುಗಿಸಿ ನೋಡಿ, ಬಣ್ಣವೇನೋ ಚೆನ್ನಾಗಿದೆ ಎಂದರು. ಆ ಒಂದು ಮಾತು ಯಜಮಾನರಿಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು. ನಾಲ್ಕು ದಾರಿ ಸೇರುವಲ್ಲಿ ಕೆಂಪು ದೀಪ ಬಿತ್ತು. ಮುಂದಿನ ಸೀಟಿನಲ್ಲಿದ್ದ ಮಗಳು ಕನ್ನಡಿಯಲ್ಲಿ ಅಮ್ಮನ ಮುಖ ನೋಡಿದಳು. ಹಿಂದಿನಿಂದ ಅಮ್ಮ ತಲೆಯಾಡಿಸಿದರು.

“ಅಪ್ಪಾ, ಮುಂದಿನ ತಿಂಗಳು ನೀವೇ ನನ್ನ ಪಕ್ಕ ಕೂತ್ಕೊಳ್ಳಿ.”

ಯಜಮಾನರು ಸ್ಟೀರಿಂಗ್ ಮೇಲಿನ ಕೈ ಸರಿಪಡಿಸಿಕೊಂಡು, ತಮ್ಮ ಆಟದಲ್ಲಿ ಅವಳಿಗೆ ಕಡೆಗೂ ಏನೋ ವಿಶೇಷ ಕಂಡಿತೇ ಎಂದು ಕೇಳಿದರು.

“ಇಲ್ಲಪ್ಪಾ. ನನ್ನ ಪಕ್ಕ ಕೂತಿದ್ರೆ ನೀವು ಎದ್ದು ಹೋಗಿ ಬೇರೆಯವರ ಜೊತೆ ವ್ಯಾಪಾರ ಮಾಡೋಕಾಗಲ್ಲ. ನಿಮ್ಮನ್ನ ಹೊರಗೆ ಬಿಟ್ಟರೆ ನಮಗೆ ಉಳಿಗಾಲ ಇಲ್ಲ.”

“ನನ್ನ ಕಟ್ಟೇ ತಗೊಂಡು ಹೋಗಿ,” ಎಂದರು ಹೆಂಡತಿ. “ಅವಳು ಹೇಳಿದ ಕಾರ್ಡು ಇಡಿ. ನೀವಾಗಿ ಯೋಚನೆ ಮಾಡಬೇಡಿ. ಬುತ್ತಿ ಕಟ್ಟಿಕೊಡ್ತೀನಿ, ಊಟದ ಹೊತ್ತಲ್ಲೂ ಕುರ್ಚಿ ಬಿಟ್ಟು ಏಳಬೇಡಿ.”

ದೀಪ ಹಸಿರಾಗಿ ಹಿಂದಿನ ಗಾಡಿಯವರು ಹಾರನ್ ಹೊಡೆಯತೊಡಗಿದರು. ಬೆಳಗ್ಗೆಯಿಂದ ಸಂಜೆಯವರೆಗೆ, ಊಟದ ಹೊತ್ತೂ ಸೇರಿದಂತೆ, ಮಗಳ ಪಕ್ಕ ಕದಲದೆ ಕೂರುವ ಈ ಕಠಿಣ ಶಿಕ್ಷೆಯನ್ನು ಯಜಮಾನರು ಜೀವಮಾನದಲ್ಲಿ ಮೊದಲ ಸಲ ಚೌಕಾಸಿ ಮಾಡದೆ ಒಪ್ಪಿಕೊಂಡರು.