ದನದ ಆಸ್ಪತ್ರೆಯ ಗೊಂಬೆ ಕಾಂಪೌಂಡರು

ಗಂಡಸಾದವನು ಸೂಜಿ ದಾರ ಹಿಡಿದು ಜಗಲಿಯ ಮೇಲೆ ಕೂತರೆ ಸಾಕು, ಏನಾದರೊಂದು ನಡೆದೇ ನಡೆಯುತ್ತದೆ. ದರ್ಜಿಯಾಗಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ನಾನು ದರ್ಜಿಯಲ್ಲ, ದನದ ಆಸ್ಪತ್ರೆಯ ಕಾಂಪೌಂಡರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂದು ಸರ್ಕಾರ ವರ್ಗ ಮಾಡಿದಲ್ಲಿಗೆಲ್ಲ ಟ್ರಂಕಿನ ಜೊತೆಗೆ ಚಿಂದಿ ಬಟ್ಟೆಯ ಒಂದು ಗಂಟನ್ನೂ ಹೊತ್ತುಕೊಂಡು ಹೋದವನು. ಹಗಲೆಲ್ಲ ಎತ್ತು ಎಮ್ಮೆಗಳ ಗಾಯ ತೊಳೆದು ಕಟ್ಟುವುದು. ಸಂಜೆ ಕೌದಿಗೆ ಚೌಕ ಹೊಲಿಯುವುದು, ಇಲ್ಲವೇ ಮಕ್ಕಳ ಹರಿದ ಬಟ್ಟೆ ಗೊಂಬೆಗಳನ್ನು ರಿಪೇರಿ ಮಾಡುವುದು. ಕಲಿಸಿದವಳು ನಮ್ಮಮ್ಮ. ಹೆಣ್ಣು ಮಕ್ಕಳಿಲ್ಲದ ಮನೆ, ತನ್ನ ವಿದ್ಯೆ ತನ್ನ ಜೊತೆಗೇ ಹೋಗಬಾರದೆಂದು ನನ್ನ ಕೈಗೆ ಸೂಜಿ ಕೊಟ್ಟಳು. ನನ್ನ ಹೆಂಡತಿಗೋ ಹೊಲಿಗೆ ಎಂದರೆ ಆಗದು. ಅಂಗಿಯ ಗುಂಡಿ ಕಿತ್ತುಹೋದರೂ ತಂದು ನನ್ನ ಮುಂದೆ ಇಡುತ್ತಾಳೆ. ಮನೆಗೆ ಬಂದವರು ಮಂಚದ ಮೇಲಿನ ಕೌದಿ ನೋಡಿ ಅವಳ ಕೈಕೆಲಸವನ್ನು ಹೊಗಳುತ್ತಾರೆ. ಅವಳು ಅಲ್ಲವೆನ್ನದೆ ಒಪ್ಪಿಕೊಂಡು ಕಾಫಿ ಕೊಡುತ್ತಾಳೆ.

ಪಥ್ಯ

ಹುಣಸೂರಿನಲ್ಲಿದ್ದಾಗ ನಮ್ಮ ಡಾಕ್ಟರು ಬಹಳ ಶಿಸ್ತಿನ ಮನುಷ್ಯ. ಮುಖ ಎತ್ತದೆ, ಏನು ಪ್ರಾಣಿ, ಯಾವಾಗಿನಿಂದ, ಮೇವು ತಿನ್ನುತ್ತಾ ಇಲ್ಲವಾ ಎಂದು ಕೇಳುವುದು ಅವರ ಅಭ್ಯಾಸ. ಒಂದು ಸಂತೆಯ ದಿನ ಎತ್ತು ಕುರಿಗಳ ಸಾಲಿನಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ನಿಂತಿದ್ದಳು. ಪ್ರಾಣಿ ಎಲ್ಲೂ ಕಾಣಲಿಲ್ಲ. ಸೆರಗಿನಲ್ಲಿ ಕೋಳಿ ಇರಬಹುದು ಎಂದುಕೊಂಡೆ. ಸರದಿ ಬಂದಾಗ ಅಜ್ಜಿ ಸೆರಗು ಬಿಡಿಸಿ ಮೇಜಿನ ಮೇಲೆ ಒಂದು ಬಟ್ಟೆ ಗೊಂಬೆ ಇಟ್ಟಳು. ನಾಯಿ ಎಳೆದಾಡಿ ಹೊಟ್ಟೆ ಹರಿದು ಹತ್ತಿಯೆಲ್ಲ ಹೊರಬಂದಿತ್ತು.

ಡಾಕ್ಟರು ತಲೆ ಎತ್ತಿದರು. ಇದು ದನದ ಆಸ್ಪತ್ರೆ ಎಂದು ಹೇಳಲು ಬಾಯಿ ತೆರೆದವರು ಹುಡುಗಿಯ ಮುಖ ನೋಡಿ ಪೆನ್ನು ಕೆಳಗಿಟ್ಟರು. ಅವಳು ಅತ್ತೂ ಅತ್ತೂ ಬಿಕ್ಕುತ್ತಿದ್ದಳು. ಅವಳ ತಾಯಿ ಮೈಸೂರಿನ ಆಸ್ಪತ್ರೆಯಲ್ಲಿದ್ದಾಳಂತೆ. ಹೋಗುವಾಗ ಈ ಗೊಂಬೆ ಹೊಲಿದುಕೊಟ್ಟು, ನಾನು ಬರುವವರೆಗೆ ಇದನ್ನು ಚೆನ್ನಾಗಿ ನೋಡಿಕೋ ಎಂದು ಹೇಳಿ ಹೋಗಿದ್ದಳಂತೆ. ಕಾಂಪೌಂಡರು ಹೊಲಿಗೆ ಹಾಕುತ್ತಾರೆಂದು ಸಂತೆಯಲ್ಲಿ ಯಾರೋ ಹೇಳಿದರಂತೆ. ಯಾವ ಹೊಲಿಗೆ ಎಂದು ಅಜ್ಜಿ ವಿಚಾರಿಸಿರಲಿಲ್ಲ.

ಡಾಕ್ಟರು ನನ್ನ ಕಡೆ ನೋಡಿ, "ಕೇಸ್ ನೋಡ್ರಿ" ಎಂದರು. ನಾನು ಕೈ ತೊಳೆದುಕೊಂಡು, ಹತ್ತಿಯನ್ನು ಒಳಗೆ ತುರುಕಿ, ಎತ್ತಿನ ಗಾಯಕ್ಕೆ ಹಾಕುವಷ್ಟೇ ಜೋಪಾನವಾಗಿ ಹೊಲಿಗೆ ಹಾಕಿದೆ. ಸಾಲಿನಲ್ಲಿದ್ದ ರೈತರೆಲ್ಲ ತಮ್ಮ ದನ ಬಿಟ್ಟು ಒಳಗೆ ಬಂದು ನೋಡಿದರು. ಎಲ್ಲ ಮುಗಿದ ಮೇಲೆ ಅಜ್ಜಿ ಬಾಗಿಲಿನವರೆಗೆ ಹೋದವಳು ತಿರುಗಿ ಬಂದು, ಪಥ್ಯ ಏನಾದರೂ ಉಂಟಾ ಎಂದು ಕೇಳಿದಳು. ಅಷ್ಟರಲ್ಲಿ ಮುಂದಿನ ಎಮ್ಮೆಯ ಕಡೆ ತಿರುಗಿದ್ದ ಡಾಕ್ಟರು ಅಭ್ಯಾಸಬಲದಿಂದ, ಸ್ವಲ್ಪ ದಿನ ಹಸಿ ಹುಲ್ಲು ಹಾಕಬೇಡಿ ಎಂದುಬಿಟ್ಟರು.

ಹುಡುಗಿಯ ಬಿಕ್ಕು ತಟ್ಟನೆ ನಿಂತಿತು. "ಇವ್ಳು ಹುಲ್ಲು ತಿನ್ನಕಿಲ್ಲ," ಎಂದಳು ಡಾಕ್ಟರಿಗೆ, ಸ್ವಲ್ಪ ಕೋಪದಿಂದಲೇ. "ಮುದ್ದೆ ತಿಂತಾಳೆ."

ಮೀಸೆ

ಪಿರಿಯಾಪಟ್ಟಣದಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಟೀ ಹೋಟೆಲಿತ್ತು. ಅದರ ಯಜಮಾನನಿಗೆ ಒಬ್ಬ ಸಿನಿಮಾ ಹೀರೋ ಎಂದರೆ ಪ್ರಾಣ. ಟೆಂಟ್ ಸಿನಿಮಾದಲ್ಲಿ ಆ ಹೀರೋನ ಚಿತ್ರ ಬಂತೆಂದರೆ ಅವತ್ತು ಸಂಜೆ ಹೋಟೆಲಿಗೆ ಬೀಗ. ಕೊಡಗಿನ ಕಡೆ ಹೋಗುವವರು ಟೀ ಇಲ್ಲದೆ ಬಸ್ಸು ಹತ್ತಬೇಕು. ಅವನು ಒಂದು ದಿನ ನನ್ನ ಜಗಲಿಗೆ ಬಂದು ಕೌದಿ ಬೇಕೆಂದ. ಒಂದೊಂದು ಚೌಕದಲ್ಲೂ ಹೀರೋ ಇರಬೇಕೆಂದ. ಚಿಂದಿಯಲ್ಲಿ ಮನುಷ್ಯರ ಮುಖ ಸರಿಯಾಗಿ ಬರುವುದಿಲ್ಲ, ನೋಡಿದವರು ಯಾರೋ ಅಮಲ್ದಾರರು ಎಂದುಕೊಂಡಾರು ಎಂದು ನಾನು ಹೇಳಿದೆ. ಕೊನೆಗೆ ಒಂದು ಚೌಕದಲ್ಲಿ ಕತ್ತಿ, ಒಂದರಲ್ಲಿ ಕುದುರೆ, ಒಂದರಲ್ಲಿ ಕಿರೀಟ, ನಟ್ಟನಡುವೆ ಮೀಸೆ ಎಂದು ಒಪ್ಪಂದವಾಯಿತು.

ಮೀಸೆಗೆ ಹಳೆಯ ಛತ್ರಿಯ ಬಟ್ಟೆ ಕತ್ತರಿಸಿದೆ. ಅವನು ದಿನಾ ಬಂದು ನೋಡುವನು, ಇನ್ನೊಂಚೂರು ಉದ್ದ ಇರಲಿ ಸಾರ್ ಎನ್ನುವನು. ಹೀಗೆ ಬೆಳೆದೂ ಬೆಳೆದೂ ಮೀಸೆ ಪಕ್ಕದ ಚೌಕಕ್ಕೆ ದಾಟಿ ಕುದುರೆಯ ಮೂತಿಗೆ ತಾಗಿತು. ಅವನಿಗೆ ಸಂತೋಷವಾಯಿತು.

ಕೌದಿ ಮನೆಗೆ ಹೋದ ಮೇಲೆ ಹೊದೆಯಲು ಮಾತ್ರ ಅವನಿಗೆ ಮನಸ್ಸಾಗಲಿಲ್ಲ. ಹೊದ್ದರೆ ಹೀರೋನಿಗೆ ಕಾಲು ತಾಗುತ್ತದೆ. ಹೋಟೆಲಿನ ಗೋಡೆಗೆ ತೂಗುಹಾಕಿದ. ಹೊಗೆಸೊಪ್ಪಿನ ಕೆಲಸಕ್ಕೆ ಬಂದವರೆಲ್ಲ ಟೀ ಕುಡಿಯುತ್ತ ಮೀಸೆ ನೋಡಿ ಹೋಗುತ್ತಿದ್ದರು. ಆಮೇಲೆ ಮಾಗಿ ಬಂತು. ಆ ಊರಿನ ಚಳಿ ಬಲ್ಲವರೇ ಬಲ್ಲರು. ಒಂದು ಬೆಳಿಗ್ಗೆ ಹೋಟೆಲಿಗೆ ಹೋದರೆ ಗೋಡೆ ಖಾಲಿ. ಅವನ ತಾಯಿ ಒಲೆಯ ಪಕ್ಕದಲ್ಲಿ ಕೌದಿ ಹೊದ್ದು ಕೂತಿದ್ದಾಳೆ, ಮೀಸೆ ಸರಿಯಾಗಿ ಬೆನ್ನಿನ ಮೇಲಿದೆ. ಮಗ ಒಂದು ತೆಳ್ಳನೆಯ ಟವಲು ಸುತ್ತಿಕೊಂಡು ಎದುರಿಗೆ ನಿಂತು ನಡುಗುತ್ತ, ಅದನ್ನು ಬಿಚ್ಚಿಕೊಡು ಎಂದು ಬೇಡುತ್ತಿದ್ದಾನೆ.

ಮುದುಕಿ ಅಲುಗಲಿಲ್ಲ. "ನೀನು ಹೊದ್ದಿದ್ರೆ ಅವನ್ಗೆ ಅವಮಾನ, ಅದು ಸರಿ. ನಾನು ಅವನ ತಾಯಿ ವಯಸ್ಸಿನೋಳು ಕಣ್ಲಾ. ಮಗನ ಮೀಸೆ ತಾಯಿಗೆ ತಾಗುದ್ರೆ ಏನಾದ್ದು?"

ಮಗ ಟವಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡ. ಅವನು ನನಗೆ ಟೀ ತಂದಿಟ್ಟು, ಮೆಲ್ಲಗೆ, ಇನ್ನೊಂದು ಕೌದಿ ಆಗುತ್ತದಾ ಎಂದು ಕೇಳಿದ. ಈ ಸಲ ಏನು ಹಾಕಲಿ, ಕತ್ತಿಯಾ, ಕಿರೀಟವಾ ಎಂದೆ.

"ಏನೂ ಬ್ಯಾಡಿ ಸಾರ್, ಬರೀ ಬಟ್ಟೆ ಇರ್ಲಿ," ಎಂದ. "ನಂಗೂ ಚಳಿ ಆಯ್ತದೆ."

ಎರಡು ಮಗ್ಗುಲು

ಕೃಷ್ಣರಾಜನಗರಕ್ಕೆ ವರ್ಗವಾದ ಮೇಲೆ ಸಾಲಿಗ್ರಾಮದ ಕಡೆಯ ಬೆಲ್ಲದ ವ್ಯಾಪಾರಿಯೊಬ್ಬರು ಮಗಳ ಮದುವೆಗೆಂದು ಕೌದಿ ಹೊಲಿಸಿದರು. ಮಗಳಿಗೆ ಇಷ್ಟವಾದ ಹೀರೋ ಹೂವು, ವೀಣೆ, ಚಂದ್ರ ಎಂದು ಹಾಡಿಕೊಂಡು ಓಡಾಡುವವನು. ಅವನ್ನೇ ಚೌಕಗಳಲ್ಲಿ ಹೊಲಿದುಕೊಟ್ಟೆ. ಮದುವೆಯಾಗಿ ಸ್ವಲ್ಪ ದಿನಕ್ಕೇ ಗಂಡ ಹೆಂಡತಿ ಇಬ್ಬರೂ ಕೌದಿ ಹಿಡಿದುಕೊಂಡು ನನ್ನ ಮನೆಗೆ ಬಂದರು. ಹುಡುಗ ಹೊಡೆದಾಟದ ಹೀರೋನ ಕಡೆಯವನು. ವೀಣೆ ಹೊದ್ದರೆ ತನಗೆ ನಿದ್ದೆ ಬರುವುದಿಲ್ಲ ಎಂದ. ಹುಡುಗಿ, ಹೊದಿಕೆ ತನ್ನ ತವರಿನದು ಎಂದಳು. ಇಬ್ಬರ ಕಣ್ಣೂ ಕೆಂಪಾಗಿತ್ತು. ನನ್ನ ಹೆಂಡತಿ ಅವರನ್ನು ಕೂರಿಸಿ ಕಾಫಿ ಕೊಟ್ಟು, ಒಳಗೆ ಬಂದು, ನಿಮ್ಮ ಕೌದಿಯಿಂದ ಒಂದು ಸಂಸಾರ ಮುರಿಯುತ್ತದೆ ನೋಡಿ ಎಂದು ಹೆದರಿಸಿದಳು.

ನಾನು ಕೌದಿಯನ್ನು ಇಟ್ಟುಕೊಂಡು ಇನ್ನೊಂದು ಮಗ್ಗುಲಿಗೆ ಕುದುರೆ, ಬಂದೂಕು, ಬೆಟ್ಟ ಹೊಲಿದೆ. ಈಗ ಅದಕ್ಕೆ ಒಳಗು ಹೊರಗು ಇಲ್ಲ. ಒಬ್ಬರ ಹೀರೋ ಮೇಲೆ, ಒಬ್ಬರ ಹೀರೋ ಕೆಳಗೆ. ಮೇಲೆ ಯಾರು ಎಂಬ ಜಗಳ ಆಮೇಲೂ ನಡೆಯುತ್ತಿದೆ ಎಂದು ಸುದ್ದಿ ಬರುತ್ತಲೇ ಇತ್ತು. ಆಮೇಲೆ ಬಹಳ ಕಾಲ ಸುದ್ದಿಯೇ ಇಲ್ಲ. ಒಂದು ದಿನ ಹುಡುಗಿಯ ತಂದೆ ಹಸುವಿಗೆ ಔಷಧ ಕೇಳಿಕೊಂಡು ಬಂದಾಗ, ಅಳುಕುತ್ತಲೇ ಕೌದಿಯ ವಿಚಾರ ಕೇಳಿದೆ. ಅವರ ಮುಖ ಅರಳಿತು. ಮೊಮ್ಮಗ ಹುಟ್ಟಿದ್ದಾನೆ, ಕೌದಿ ಈಗ ಅವನ ಕೆಳಗಿದೆ, ಜಗಳ ಅಲ್ಲಿಗೆ ಮುಗಿಯಿತು ಎಂದರು. ಮಗು ಯಾವ ಹೀರೋನ ಕಡೆ ಎಂದು ತಮಾಷೆಗೆ ಕೇಳಿದೆ.

"ಅವನಿಗೆ ಭೇದವೇ ಇಲ್ಲ ಕಣ್ರೀ," ಎಂದರು. "ದಿನಾ ಇಬ್ಬರನ್ನೂ ನೆನೆಸ್ತಾನೆ."

ಕಣ್ಣು

ಹೆಗ್ಗಡದೇವನಕೋಟೆಗೆ ಬಂದ ಮೇಲೆ ಕಾಡಂಚಿನ ಬುಡಕಟ್ಟಿನವರ ಒಂದು ಹಾಡಿಯಿಂದ ಒಬ್ಬಾತ ಮೇಕೆಗೆ ಔಷಧ ತೆಗೆದುಕೊಂಡು ಹೋಗಲು ಬರುತ್ತಿದ್ದ. ಒಮ್ಮೆ ಮಗಳನ್ನೂ ಕರೆತಂದ. ಅವಳ ಕಂಕುಳಲ್ಲಿ ತಲೆಯಿಲ್ಲದ ಗೊಂಬೆ. ತಲೆ ಕಾಡಿನಲ್ಲಿ ಎಲ್ಲೋ ಬಿದ್ದುಹೋಗಿತ್ತು. ನಾನು ಹುರುಪಿನಿಂದ ಹೊಸ ತಲೆ ಮಾಡಿ, ಅವಳು ಖುಷಿಪಡಲೆಂದು ಸಿನಿಮಾ ಹೀರೋಯಿನ್ನಿನ ಹಾಗೆ ದೊಡ್ಡ ಕಣ್ಣು ಇಟ್ಟೆ. ಹಳೆಯ ಕೋಟಿನ ಎರಡು ಕಪ್ಪು ಗುಂಡಿ, ಸುತ್ತ ಬಿಳಿ ಬಟ್ಟೆ, ಮೇಲೆ ರೆಪ್ಪೆ. ಸ್ವಲ್ಪ ದಿನಕ್ಕೆ ಇಬ್ಬರೂ ಮತ್ತೆ ಬಂದರು. ಹುಡುಗಿ ಗೊಂಬೆಯ ಮುಖಕ್ಕೆ ಬಟ್ಟೆ ಮುಚ್ಚಿ ಹಿಡಿದಿದ್ದಳು. ಗೊಂಬೆ ಮಲಗಿಸಿದರೂ ಕಣ್ಣು ಮುಚ್ಚುವುದಿಲ್ಲ, ತನ್ನನ್ನೇ ನೋಡುತ್ತದೆ ಎಂದು ಅವಳು ನಿದ್ದೆ ಬಿಟ್ಟಿದ್ದಳು.

ನನಗೆ ಪಾಪವೆನಿಸಿತು. ಆ ತಲೆ ತೆಗೆದು, ಕಣ್ಣು ಮುಚ್ಚಿ ನಗುತ್ತಿರುವ ಇನ್ನೊಂದು ತಲೆ ಕೂರಿಸಿದೆ. ಹುಡುಗಿ ಅದನ್ನು ಎದೆಗೆ ಒತ್ತಿಕೊಂಡಳು. ಹಳೆಯ ತಲೆಯನ್ನು ಅವಳ ಅಪ್ಪ, ನನಗಿರಲಿ ಸಾಮಿ ಎಂದು ಇಸಕೊಂಡ. ರಾಗಿ ಹೊಲದಲ್ಲಿ ಕೋಲಿಗೆ ಸಿಕ್ಕಿಸಿದರೆ ಕಾಡುಹಂದಿ ಹೆದರುತ್ತವೇನೋ ಎಂದು ಅವನ ಆಸೆ.

ಮುಂದಿನ ಸಲ ಸಿಕ್ಕಾಗ ಹಂದಿ ಹೆದರಿದವಾ ಎಂದು ಕೇಳಿದೆ. ಇಲ್ಲವೆಂದು ತಲೆ ಆಡಿಸಿದ. "ರಾಗಿ ತಿನ್ಕಂಡು ಅದ್ರ ಮಕನೇ ನೋಡ್ಕಂಡು ನಿಂತಿರ್ತವೆ." ಹಾಗಾದರೆ ಪ್ರಯೋಜನವಾಗಲಿಲ್ಲ ಎಂದೆ. ಹಾಗೇನಿಲ್ಲ ಎಂದ. ಆ ದಾರಿಯಲ್ಲಿ ಬಂದಾಗಲೆಲ್ಲ ಕೋಳಿ ಕೇಳುತ್ತಿದ್ದ ಒಬ್ಬ ಫಾರೆಸ್ಟ್ ಗಾರ್ಡು ಇದ್ದನಂತೆ.

"ಅವ್ರು ಬರಾದು ಬುಟ್ಟವ್ರೆ."

ರಾಣಿಯ ಮಗು

ಕೋಟೆಯಲ್ಲೇ ಇನ್ನೊಂದು ನಡೆಯಿತು. ಶಾಲೆಯ ವಾರ್ಷಿಕೋತ್ಸವಕ್ಕೆ ಮೇಷ್ಟ್ರುಗಳದೇ ಒಂದು ನಾಟಕ. ಬರೆದವರು ಹೆಡ್ಮಾಸ್ಟರು. ಅದರಲ್ಲಿ ಒಬ್ಬ ರಾಣಿ, ಕಾಡಿನಲ್ಲಿ ಸತ್ತುಹೋದ ಕಂಕುಳ ಕೂಸನ್ನು ಮುಂದಿಟ್ಟುಕೊಂಡು ಹಾಡುತ್ತ ಅಳಬೇಕು. ಹೆಣ್ಣು ಪಾತ್ರಕ್ಕೆ ಯಾರೂ ಒಪ್ಪದೆ ಕೊನೆಗೆ ಅದು ಕನ್ನಡ ಮೇಷ್ಟ್ರ ಪಾಲಿಗೆ ಬಂತು. ಅವರಂಥ ಸಂಕೋಚದ ಮನುಷ್ಯನನ್ನು ನಾನು ಕಂಡಿಲ್ಲ. ಪಾಠವನ್ನೂ ಕಪ್ಪು ಹಲಗೆಯ ಕಡೆ ಮುಖ ಮಾಡಿ ಹೇಳುತ್ತಿದ್ದರಂತೆ. ಆದರೆ ಕಂಠ ಮಾತ್ರ ದೇವರು ಕೊಟ್ಟದ್ದು. ಅವರು ನಾಟಕದ ದಿನ ಊರು ಬಿಟ್ಟು ಓಡಿಹೋಗುತ್ತಾರೆ ಎಂದು ಸಹೋದ್ಯೋಗಿಗಳೇ ಆಡಿಕೊಳ್ಳುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಕೆರೆಯ ಏರಿಯ ಮೇಲೆ ಒಬ್ಬರೇ ನಿಂತು ಅಭ್ಯಾಸ ಮಾಡುವುದನ್ನು ನಾನೇ ಕಂಡಿದ್ದೇನೆ.

ಕೂಸಿನ ಪಾತ್ರಕ್ಕೆಂದು ಶಾಲೆಯಲ್ಲಿದ್ದ ಗೊಂಬೆಯನ್ನು ಇಲಿ ಕಡಿದಿತ್ತು. ಮೇಷ್ಟ್ರು ಅದನ್ನು ನನ್ನ ಬಳಿ ತಂದು, ಹೊಲಿಯುವುದಷ್ಟೇ ಅಲ್ಲ, ಸ್ವಲ್ಪ ಭಾರವೂ ಮಾಡಿಕೊಡಿ ಎಂದರು. ಹತ್ತಿಯ ಗೊಂಬೆ ಎತ್ತಿಕೊಂಡರೆ ದಿಂಬು ಎತ್ತಿಕೊಂಡ ಹಾಗಿರುತ್ತದೆ, ಅಳು ಬರುವುದಿಲ್ಲ ಎಂದರು. ಅವರ ಶ್ರದ್ಧೆ ನೋಡಿ, ಹಳೆಯ ಪಂಚೆಯಲ್ಲಿ ಮೈ ಹೊಲಿದು, ಒಳಗೆ ಹುರುಳಿ ತುಂಬಿದೆ. ಎತ್ತಿಕೊಂಡರೆ ಥೇಟ್ ಆರೋಗ್ಯವಂತ ಕೂಸು. ಮೇಷ್ಟ್ರು ಅದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಲೇ ಮನೆಗೆ ಹೋದರು.

ನಾಟಕ ಸಾಯಂಕಾಲಕ್ಕೆ ಶುರುವಾಯಿತು. ಶಾಲೆಯ ಬಯಲಿನಲ್ಲಿ ಹಲಗೆಯ ವೇದಿಕೆ, ಊರಿನವರೆಲ್ಲ ಚಾಪೆಯ ಮೇಲೆ. ರಾಣಿ ಬಂದರು. ಓಡಿಹೋಗಲಿಲ್ಲ, ತಡವರಿಸಲಿಲ್ಲ. ಕೂಸನ್ನು ನೆಲದ ಮೇಲೆ ಮಲಗಿಸಿ, ಪಕ್ಕದಲ್ಲಿ ಕುಸಿದು ಕೂತು ಹಾಡತೊಡಗಿದರು. ಆ ಹಾಡಿಗೆ ಮುಂದಿನ ಸಾಲಿನ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ನನ್ನ ಪಕ್ಕದಲ್ಲಿದ್ದ ಹೆಂಡತಿ ನನ್ನ ಟವಲು ಎಳೆದುಕೊಂಡಳು. ಅಷ್ಟರಲ್ಲಿ ಶಾಲೆಯ ಹಿಂದಿನ ಮನೆಯ ಮೇಕೆಯೊಂದು ಪರದೆಯ ಸಂದಿಯಿಂದ ವೇದಿಕೆಗೆ ಬಂತು. ಸುತ್ತಲೂ ನೋಡಿತು. ಕೂಸಿನ ಹತ್ತಿರ ಹೋಗಿ ಮೂಸಿತು. ಹುರುಳಿಯ ವಾಸನೆ ಸಿಕ್ಕಿರಬೇಕು, ಕಾಲಿನ ಕಡೆಯಿಂದ ಕಚ್ಚಿ ಎಳೆಯಿತು.

ಪಂಚೆ ಹಳೆಯದು, ಪರ್ರನೆ ಹರಿಯಿತು. ರಾಜಕುಮಾರನ ಕಾಲಿನಿಂದ ಹುರುಳಿ ಸುರಿಯಿತು. ಮೇಕೆ ಮೊಣಕಾಲೂರಿ ತಿನ್ನತೊಡಗಿತು. ಮೇಷ್ಟ್ರು ಒಂದು ಕೈಯಿಂದ ಅದನ್ನು ತಳ್ಳಿ ನೋಡಿದರು, ಜಗ್ಗಲಿಲ್ಲ. ಹಾಡು ನಿಲ್ಲಿಸಿದರೆ ಊರು ನಗುತ್ತದೆ, ನಿಲ್ಲಿಸದಿದ್ದರೆ ಮಗುವೇ ಉಳಿಯುವುದಿಲ್ಲ. ಅವರು ಒಮ್ಮೆ ಜನರ ಕಡೆ ನೋಡಿದರು. ನಾನು ಕಣ್ಣಿಗೆ ಬಿದ್ದೆ. ಎರಡೂ ಕೈ ನನ್ನತ್ತ ಚಾಚಿ, ಅದೇ ರಾಗದಲ್ಲಿ, ಅದೇ ತಾಳಕ್ಕೆ, ಕಣ್ಣೀರು ಸುರಿಸುತ್ತಲೇ ಹಾಡಿದರು:

"ಕಾಂಪೌಂಡರೇ, ಓ ಕಾಂಪೌಂಡರೇ, ಮೇಕೆಯ ಹಿಡಿದೊಯ್ಯ ಬಾರಿರೇ."

ಹಾರ್ಮೋನಿಯಂನವರೂ ಬಿಡದೆ ನುಡಿಸಿದರು. ನಾನು ತಲೆ ತಗ್ಗಿಸಿ ವೇದಿಕೆ ಹತ್ತಿ, ಮೇಕೆಯ ಕೊಂಬು ಹಿಡಿದು ಎಳೆದುಕೊಂಡು ಹೊರಟೆ. ಜನ ನಗುತ್ತಾರೆಂದು ನನ್ನ ಕಿವಿಯೆಲ್ಲ ಬಿಸಿಯಾಗಿತ್ತು. ಯಾರೂ ನಗಲಿಲ್ಲ. ಹೆಂಗಸರು ಇನ್ನೂ ಅಳುತ್ತಿದ್ದರು. ಹಿಂದಿನ ಸಾಲಿನವರು ಅದೂ ನಾಟಕದ ಪದವೆಂದೇ ತಿಳಿದು ಚಪ್ಪಾಳೆ ತಟ್ಟಿ, ಒನ್ಸ್ ಮೋರ್, ಒನ್ಸ್ ಮೋರ್ ಎಂದು ಕೂಗತೊಡಗಿದರು. ಕೂಗು ನಿಲ್ಲುವ ಹಾಗೆ ಕಾಣಲಿಲ್ಲ. ಪರದೆಯ ಹಿಂದಿನಿಂದ ಹೆಡ್ಮಾಸ್ಟರು ತಲೆ ಹೊರಹಾಕಿ ನನ್ನ ತೋಳು ಹಿಡಿದರು.

"ಜನ ಕೇಳ್ತಾ ಇದ್ದಾರೆ ಕಣ್ರೀ," ಎಂದರು ಪಿಸುಮಾತಿನಲ್ಲಿ. "ಮೇಕೆಯನ್ನ ಇನ್ನೊಂದು ಸಲ ಬಿಡಿ."