ಭಾವಮೈದುನರ ಬಿಯರ್ ಯಾತ್ರೆ

“ಕೊಚ್ಚಿಯಲ್ಲಿ ನಂಗೆ ಗೊತ್ತಿಲ್ಲದ ಪಬ್ಬೇ ಇಲ್ಲ ಕಣೋ. ನೀನು ಬಾ, ಬಿಯರ್ ಅಂದ್ರೇನು ಅಂತ ತೋರಿಸ್ತೀನಿ!”

ಮೈಸೂರಿನ ಭಾವಮೈದುನ ಸುಧನ್ವನಿಗೆ ಫೋನಿನಲ್ಲಿ ಹೀಗೆ ಘೋಷಿಸಿದ ನಿತ್ಯಾನಂದ ಅಲ್ಲಿಯವರೆಗೆ ಬಿಯರ್ ಬಾಟಲಿಯನ್ನು ಮುಟ್ಟಿಯೂ ನೋಡಿದವನಲ್ಲ. ತಿರುವನಂತಪುರದಲ್ಲಿ ರಾಕೆಟ್ ಹಾರಿಸುವ ಸಂಸ್ಥೆಗೆ ಮೇಜು, ಕುರ್ಚಿ ಕೊಳ್ಳುವ ಅಧಿಕಾರಿ ಅವನು. ಮಾವನ ಮನೆಗೆ ಹೋದಾಗಲೆಲ್ಲ ಸುಧನ್ವ ಗೆಳೆಯರನ್ನು ಕಟ್ಟಿಕೊಂಡು ತಾರಸಿ ಹತ್ತುತ್ತಿದ್ದ. “ಭಾವನಿಗೆ ಇದೆಲ್ಲ ಆಗಿಬರಲ್ಲ” ಎಂಬ ಸರ್ಟಿಫಿಕೇಟಿನೊಂದಿಗೆ ಅಳಿಯದೇವರು ಕೆಳಗೆ ಅತ್ತೆಯ ಪಕ್ಕ ಅವರೆಕಾಳು ಹಿಸುಕುತ್ತ ಕೂರಬೇಕು. ಒಂದೇ ಒಂದು ಸಲ ಆ ಹುಡುಗ ತನ್ನನ್ನು ಜೊತೆಗೆ ಕೂರಿಸಿಕೊಳ್ಳಬೇಕು, ಅಷ್ಟೇ ನಿತ್ಯಾನಂದನ ಆಸೆ.

ಸುಧನ್ವ ಬಂದೇಬಿಟ್ಟ. ನಿತ್ಯಾನಂದನ ಹೆಂಡತಿ ಸುಮಿತ್ರ ಕೊಂಕು ಮಾತಿಲ್ಲದೆ ತಾನೇ ಟಿಕೆಟ್ ಮಾಡಿಸಿ ಇಬ್ಬರನ್ನೂ ಬೆಳಗಿನ ಕೊಚ್ಚಿ ರೈಲು ಹತ್ತಿಸಿದಳು. ನಿತ್ಯಾನಂದ ದಾರಿಯುದ್ದಕ್ಕೂ ಯೂಟ್ಯೂಬಿನಲ್ಲಿ ಕಲಿತ ನೊರೆಶಾಸ್ತ್ರವನ್ನು ಉಪದೇಶಿಸಿದ. ಸುಧನ್ವ ಕಿಟಕಿಯಾಚೆ ನೋಡುತ್ತ ಹೂಂಗುಟ್ಟಿದ.

ಫೋರ್ಟ್ ಕೊಚ್ಚಿಯ ಮೊದಲ ಪಬ್ಬು ಮುಚ್ಚಿತ್ತು. “ರಿಪೇರಿ ಇರ್ಬೇಕು” ಎಂದ ನಿತ್ಯಾನಂದ. ಎರಡನೆಯದೂ ಮುಚ್ಚಿತ್ತು. “ಓನರ್ ಮನೇಲಿ ಯಾರೋ ಹೋಗಿರ್ಬೇಕು ಪಾಪ.” ಮೂರನೆಯದರ ಬಾಗಿಲಲ್ಲಿ ಕಾವಲುಗಾರ ವಿನ್ಸೆಂಟ್ ಪೇಪರ್ ಓದುತ್ತ ಕೂತಿದ್ದ.

“ಒನ್ನಾಂ ತೀಯತಿ ಅಲ್ಲೇ ಸಾರೇ? ಡ್ರೈ ಡೇ.”

ಕೇರಳದಲ್ಲಿ ಪ್ರತಿ ತಿಂಗಳ ಒಂದನೇ ತಾರೀಕು ಮದ್ಯಕ್ಕೆ ರಜೆ. ಮಡಿವಂತರಿಗೆ ಏಕಾದಶಿ ಹೇಗೋ, ಕುಡಿಯುವವರಿಗೆ ಇದು ಹಾಗೆ; ಕ್ಯಾಲೆಂಡರ್ ನೋಡದೆಯೂ ಗೊತ್ತಿರುತ್ತದೆ. ಗೊತ್ತಿಲ್ಲದವನು ಒಂದೋ ಈ ರಾಜ್ಯಕ್ಕೆ ಹೊಸಬ, ಇಲ್ಲವೇ ಜನ್ಮದಲ್ಲಿ ಗ್ಲಾಸು ಎತ್ತದವನು.

“ಭಾವ, ನೀವು ಕೇರಳಕ್ಕೆ ಬಂದು ಎಷ್ಟು ವರ್ಷ ಆಯ್ತು?” ಸುಧನ್ವ ಮೆಲ್ಲಗೆ ಕೇಳಿದ.

ನಿತ್ಯಾನಂದ ಮುಚ್ಚಿದ ಬಾಗಿಲ ಮೇಲಿನ ಬೋರ್ಡು ಓದತೊಡಗಿದ. ಅವನ ಮುಖ ನೋಡಿ ಕರಗಿದ ವಿನ್ಸೆಂಟ್, “ನಾಳೆ ವರೂ ಸಾರೇ, ಓಪನ್” ಎಂದು ಸಮಾಧಾನ ಹೇಳಿದ. ನಾಳೆ ಎಂದದ್ದೇ ತಡ, ನಿತ್ಯಾನಂದನ ಎದೆ ಧಸಕ್ಕೆಂದಿತು. ಪಕ್ಕಕ್ಕೆ ನೋಡಿದರೆ ಸುಧನ್ವನ ಮುಖವೂ ಬಿಳಿಚಿಕೊಂಡಿತ್ತು.

ಇಬ್ಬರೂ ಸಮುದ್ರದ ದಂಡೆಯ ಗಾಡಿಯೊಂದರ ಮುಂದೆ ನಿಂಬೆ ಶರಬತ್ತು ಹಿಡಿದು ಕೂತರು. ತಡೆಯಲಾರದೆ ನಿತ್ಯಾನಂದ ಎಲ್ಲ ಕಕ್ಕಿಬಿಟ್ಟ: “ನಂಗೆ ಬಿಯರ್ ರುಚೀನೇ ಗೊತ್ತಿಲ್ಲ ಕಣೋ. ನಿನ್ನ ಜೊತೆ ಕೂತ್ಕೋಬೇಕು ಅನ್ನಿಸ್ತು, ಬುರುಡೆ ಬಿಟ್ಟೆ.”

ಸುಧನ್ವ ಗ್ಲಾಸು ಕೆಳಗಿಟ್ಟ. “ನಾನು ಬಿಟ್ಟುಬಿಟ್ಟಿದೀನಿ ಭಾವ. ಒಂದಿನ ಕುಡ್ಕೊಂಡೇ ಮಗಳು ಜೀವಿತಾನ ಸ್ಕೂಲಿಂದ ಕರ್ಕೊಂಡು ಬರೋಕೆ ಹೋದೆ. ‘ಅಪ್ಪನ ಸ್ಕೂಟರ್ ನಾನು ಹತ್ತಲ್ಲ’ ಅಂತ ಮಗು ಗೇಟ್ ಹಿಡ್ಕೊಂಡು ನಿಂತುಬಿಡ್ತು.”

“ಮತ್ತೆ ಬರಲ್ಲ ಅನ್ನೋದಲ್ವೇನೋ?”

“ನೀವು ಮೊದಲನೇ ಸಲ ನನ್ನ ಎಲ್ಲಿಗೋ ಕರೆದ್ರಿ. ಬೇಡ ಅನ್ನೋಕೆ ಬಾಯಿ ಬರಲಿಲ್ಲ.”

ಮಗುವಿನ ಹೆದರಿಕೆ ಕಂಡು ಕುಡಿತ ಬಿಟ್ಟವನನ್ನು ತನ್ನ ಜಂಬಕ್ಕಾಗಿ ಮತ್ತೆ ಆ ಗುಂಡಿಗೇ ತಳ್ಳಲಿದ್ದೆನಲ್ಲ ಎಂದು ನಿತ್ಯಾನಂದನಿಗೆ ನಾಚಿಕೆಯಾಯಿತು. ಇನ್ನೊಂದು ಶರಬತ್ತು ತರಿಸಿದ. ಮಾವನ ಮನೆಯಲ್ಲಿ ಇಷ್ಟು ವರ್ಷ ಆಡದ ಮಾತೆಲ್ಲ ಅಲ್ಲಿ ಆಡಿ ಮುಗಿಸಿ, ಸುಮಿತ್ರಳಿಗೆ ಫೋನು ಹಚ್ಚಿದ.

“ಲೇ, ನಿನ್ನ ತಮ್ಮ ಕುಡಿಯೋದು ಬಿಟ್ಟಿದಾನಂತೆ ಕಣೇ.”

“ಗೊತ್ತು. ನೀವು ಶುರುವೇ ಮಾಡಿಲ್ಲ ಅಂತಾನೂ ಗೊತ್ತು. ಒಬ್ಬರ ಮುಂದೆ ಒಬ್ಬರು ಮರ್ಯಾದೆ ಉಳಿಸ್ಕೊಳ್ಳೋಕೆ ಇಬ್ಬರೂ ಕುಡಿದೇಬಿಡ್ತೀರಿ ಅಂತಾನೇ ಒಂದನೇ ತಾರೀಕಿಗೆ ಟಿಕೆಟ್ ಮಾಡಿಸಿದ್ದು.”

“ಆದ್ರೆ ನಾಳೆ ತೆರೀತಾರಂತಲ್ಲೇ?”

“ನಾಳೆ ನೀವಲ್ಲಿ ಇದ್ರೆ ತಾನೆ? ವಾಪಸ್ ಟಿಕೆಟ್ ಇವತ್ತಿನ ಸಂಜೆ ಗಾಡೀಗೇ ಇದೆ ರೀ. ಬೇಗ ಬನ್ನಿ, ಇಬ್ಬರಿಗೂ ಅನ್ನಕ್ಕಿಡ್ತೀನಿ.”