ಬಾಯಿ ಬಿಟ್ಟ ಕಡುಬಿನ ಸಾರು

ನನ್ನ ನಾದಿನಿಗೆ ಎಚ್ಚರವಿದ್ದಾಗಲೇ ಕನಸು ಬೀಳುತ್ತವೆ. ನಿದ್ದೆ ಬಂದಾಗ ಮಾತ್ರ, ಪಾಪ, ಎಲ್ಲರ ಹಾಗೆ ಸುಮ್ಮನೆ ಮಲಗುತ್ತಾಳೆ!

ನಮ್ಮದು ಮಕ್ತಲ್. ನನ್ನ ಗಂಡನ ಈ ತಂಗಿಯನ್ನು ಕೊಟ್ಟಿದ್ದು ಗದ್ವಾಲಿಗೆ. ನಡುವೆ ಇರುವುದು ಒಂದು ಕೃಷ್ಣಾ ಹೊಳೆ, ಒಂದು ಬಸ್ಸು, ಅಷ್ಟೆ. ಒಂದು ಸಲ ತವರಿಗೆ ಬರಲು ನಾರಾಯಣಪೇಟೆ ಬಸ್ಸು ಹತ್ತಿದಳು. ನಡುವೆ ಮಕ್ತಲ್‌ದಲ್ಲಿ ಇಳಿಯಬೇಕಲ್ಲ? ಇಳಿಯಲಿಲ್ಲ. ಸೀದಾ ನಾರಾಯಣಪೇಟೆ ಮುಟ್ಟಿ, ಅಲ್ಲಿಂದ ಬೇರೆ ಬಸ್ಸು ಹಿಡಿದು, ದನ ಮನೆಗೆ ಬರುವ ಹೊತ್ತಿಗೆ ತಾನೂ ಬಂದಳು.

"ಎಲ್ಲಿ ಹೋಗಿದ್ದಿ ತಾಯಿ?" ಅಂದೆ.

"ಹೊಳಿ ನೋಡಕೋತ ಕುಂತಿದ್ದೆ ವೈನಿ."

"ಹೊಳಿ ದಾಟಿ ಎಷ್ಟೊತ್ತಾಗಿತ್ತು!"

"ಬಸ್ಸು ದಾಟಿತ್ರಿ. ನಾನಿನ್ನೂ ದಾಟಿರಲಿಲ್ಲ."

ತಿರುಗಿ ಬಂದಳಲ್ಲ, ಅದೂ ಒಂದು ಶಿವನ ದಯೆ ಎಂದು ಚಹಾ ಕೊಟ್ಟೆ.

ಇನ್ನೊಮ್ಮೆ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿ, ಕಾಗೆ ಕಾಯಲು ಇವಳನ್ನು ಕೂರಿಸಿದೆ. ತಪ್ಪು ನನ್ನದೇ ಬಿಡಿ. ಸ್ವಲ್ಪ ಹೊತ್ತಿಗೆ ಮೇಲೆ ಹೋದರೆ ಅರ್ಧ ಹಪ್ಪಳ ಮಾಯ! "ಕಾಗಿ ಬಂದದ್ದು ನೋಡಲಿಲ್ಲೇನು?" ಅಂದರೆ, "ನೋಡಿದೆ ವೈನಿ, ಬಾಯಾಗ ಹಪ್ಪಳ ಹಿಡಕೊಂಡು ಹಾರಿದ್ರ ಚಂದ್ರಾಮನ್ನ ಹೊತಗೊಂಡು ಹೋದಂಗ ಕಾಣ್ತೈತಿ" ಅಂದಳು. ನಾನೂ ಒಂದು ಗಳಿಗೆ ಆಕಾಶ ನೋಡುತ್ತ ನಿಂತೆ. ಅಷ್ಟರಲ್ಲಿ ಉಳಿದರ್ಧವೂ ಹೋಯಿತು! ನಮ್ಮ ಮನೆಯವರು ಹೇಳುವುದೇ ಹೀಗೆ: "ನಮ್ಮ ತಂಗಿ ಬಂದ್ಲಂದ್ರ ಮನಿ ಗಡಿಯಾರಕ್ಕ ರಜಾ."

ಹಾಗಂತ ಕೈ ಕೆಲಸ ಬಾರದವಳಲ್ಲ. ನಮ್ಮ ಅತ್ತೆಯವರ ಕೈಯ ಕಡುಬಿಗೆ ಓಣಿಯಲ್ಲೇ ಹೆಸರು. ಅಂಚನ್ನು ನಾರಾಯಣಪೇಟೆ ಸೀರೆಯ ದಡಿಯ ಹಾಗೆ ಒಂದೇ ಸಮ ಮಡಚುತ್ತಾರೆ. ಆ ಮಡಿಕೆಯನ್ನು ಮಗಳಿಗೂ ಕಲಿಸಿದ್ದರು. ಪಂಚಮಿಗೆ ಕಡುಬು ಮಾಡಲು ಕುಳಿತರೆ ಇವಳ ಕಣ್ಣು ಆಕಾಶದಲ್ಲಿ, ಬೆರಳು ಅಂಚಿನಲ್ಲಿ. ಒಂದೇ ಒಂದು ಕಡುಬು ಬಾಯಿ ಬಿಟ್ಟದ್ದು ನಾನು ಕಂಡಿಲ್ಲ. ನನ್ನವು? ಅವನ್ನು ಕಂಡರೆ ಸಾಕು, ಅತ್ತೆಯವರು "ಇದೇನ್ಬೇ, ಹಲ್ಲು ಬಿದ್ದ ಮುದುಕಿ ನಕ್ಕಂಗ ಐತಲ್ಲ!" ಎನ್ನುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಆ ಬೈಗುಳ ಕೇಳುತ್ತಲೇ ನಾನು ಅಡಿಗೆ ಮಾಡಿದ್ದು.

ಹೋದ ಚಳಿಗಾಲದ ಕೊನೆಗೆ ಅತ್ತೆಯವರಿಗೆ ಜ್ವರ ಬಂತು. ಜ್ವರವೇನೋ ಇಳಿಯಿತು. ಇಳಿದು ಹೋಗುವಾಗ ಬಾಯಿಯ ರುಚಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು! ಅನ್ನ ಕೊಟ್ಟರೂ "ಮಣ್ಣು", ಪಾಯಸ ಕೊಟ್ಟರೂ "ಮಣ್ಣು". ಗಂಜಿಯನ್ನು ತುಟಿಗೆ ಹಚ್ಚಿ ಗೋಡೆಯ ಕಡೆ ತಿರುಗಿ ಮಲಗಿಬಿಡುವರು. "ಗುಳಿಗಿ ಎಷ್ಟು ನುಂಗಿದ್ರೂ ಊಟ ಇಲ್ದ ಜೀವ ಹಿಡಿಯಂಗಿಲ್ರಿ" ಎಂದು ಡಾಕ್ಟರು ಹೇಳಿಯೇಬಿಟ್ಟರು. ಕೈಬಳೆ ಮೊಣಕೈ ತನಕ ಜಾರುತ್ತಿದ್ದವು. ಎಲ್ಲಕ್ಕಿಂತ ಹೆದರಿಕೆಯಾದದ್ದು ಬೇರೆಯೇ. ಅವರು ನನ್ನನ್ನು ಬೈಯುವುದನ್ನೇ ಬಿಟ್ಟಿದ್ದರು! ಬೈಗುಳವಿಲ್ಲದ ಅಡಿಗೆಮನೆಯಲ್ಲಿ ನನಗೆ ಉಪ್ಪಿನ ಅಂದಾಜೇ ತಪ್ಪಿಹೋಯಿತು. ಸಂಜೆ ದೀಪ ಹಚ್ಚಿ, "ಶಿವನೇ, ಬಂಗಾರ ಕೇಳಂಗಿಲ್ಲ, ಆಸ್ತಿ ಕೇಳಂಗಿಲ್ಲ, ಅತ್ತಿ ಬಾಯಿಂದ ಒಂದು ಬೈಗುಳ ಕೊಡಿಸಪಾ" ಎಂದು ಕೈಮುಗಿದೆ. ನಾದಿನಿಗೆ ಫೋನು ಮಾಡಿದೆ.

ಸೋಮವಾರ ಬೆಳಗಿನ ಬಸ್ಸಿಗೇ ಬಂದಳು. ಈ ಸಲ ಸರಿಯಾಗಿ ಮಕ್ತಲ್‌ದಲ್ಲೇ ಇಳಿದಿದ್ದಳು. ಆಗಲೇ ನನಗೆ ಏನೋ ವಿಶೇಷವಿದೆ ಅನ್ನಿಸಬೇಕಿತ್ತು. ಬಗಲಲ್ಲಿ ಉದ್ದುದ್ದ ಹುಲ್ಲಿನ ಕಟ್ಟು.

"ಏನು ತಾಯಿ, ದನಕ್ಕ ಮೇವೇನು?"

"ನಿಂಬಿ ಹುಲ್ರಿ ವೈನಿ. ಬಸ್ಸೆಲ್ಲಾ ನಿಂಬಿಹಣ್ಣಿನ ವಾಸನಿ! ಕಂಡಕ್ಟರು 'ಆಡೋಳ್ಳಕು ಫ್ರೀ, ಗಡ್ಡಿಕಿ ಕಾದಮ್ಮಾ' ಅಂದ."

ಬಸ್ಸು ಹೆಂಗಸರಿಗಷ್ಟೇ ಬಿಟ್ಟಿ, ಹುಲ್ಲಿಗಲ್ಲ ಅಂತ ಅವನ ತೆಲುಗು! ಬಸ್ಸೆಲ್ಲ ನಕ್ಕಿತಂತೆ.

"ಅವ್ವಗ ಥಾಯ್ಲೆಂಡ್ ಸಾರು ಮಾಡಿಕೊಡ್ತೀನ್ರಿ. ಸಾರಿನಾಗ ಕಡುಬು ತೇಲ್ತಾವ. ಕಣ್ಣು ಮುಚ್ಚಿ ತೆರೆಯೋದ್ರಾಗ ಆತೈತಿ."

ನೀವೇ ಹೇಳಿ, ಕಣ್ಣು ಮುಚ್ಚಿದರೆ ತೆರೆಯುವವಳೇ ಇವಳು?

ಫೋನಿನಲ್ಲಿ ನೋಡಿದ್ದಳಂತೆ. ದನಿ ಬಂದ್ ಮಾಡಿ ನೋಡುವುದು ಇವಳ ಪದ್ಧತಿ, ದನಿ ಕೇಳಿದರೆ ಕನಸು ಕೆಡುತ್ತದಂತೆ! ಯಾವುದೋ ಹೊಳೆ, ಹೊಳೆಯಲ್ಲಿ ದೋಣಿ, ದೋಣಿಯಲ್ಲಿ ಒಲೆ, ಒಲೆಯ ಮುಂದೆ ಒಬ್ಬ ಅಜ್ಜಿ. "ನಾವೂ ಕೃಷ್ಣಾದಾಗ ಹರಗೋಲಿನ ಮ್ಯಾಗ ಒಲಿ ಹೂಡಬೇಕು ವೈನಿ" ಅಂದಳು. "ಹರಗೋಲು ಗಿರಕಿ ಹೊಡಿತೈತಿ ತಾಯಿ. ಸಾರು ಮೀನಿನ ಪಾಲು!" ಅಂದೆ. "ಉಣ್ಣಲಿ ಬಿಡ್ರಿ" ಅಂದಳು.

ಕಣ್ಣು ಮುಚ್ಚಿ ತೆರೆಯುವ ಸಾರು ಬೆಳಿಗ್ಗೆಯೇ ಶುರುವಾಯಿತು. ದೇವರಿಗೆ ಒಡೆದ ಕಾಯಿ ತುರಿದು ಹಾಲು ಹಿಂಡುವಷ್ಟರಲ್ಲಿ ಬಿಸಿಲು ಅಂಗಳದ ಈ ಬದಿಯಿಂದ ಆ ಬದಿಗೆ ಹೋಗಿತ್ತು. ಹಾಲು ಹಿಂಡುತ್ತ ಹಿಂಡುತ್ತ ಅದರಲ್ಲಿ ಮೋಡ ಕಂಡಳು, ನಿಂತಳು. ಆಮೇಲೆ ಅದಕ್ಕೊಂದು ಘಮಘಮ ಎಲೆ ಬೇಕೆಂದು ಸೀದಾ ತುಳಸಿಕಟ್ಟೆಗೆ ಕೈ ಹಾಕಿದಳು!

"ಅಯ್ಯ ಶಿವನ! ತುಳಸವ್ವನ್ನ ಸಾರಿಗೆ ಹಾಕ್ತೀಯೇನ?"

"ಆ ಅಜ್ಜಿ ಇಂಥದ್ದ ಎಲಿ ಹಾಕಿದ್ಲು ವೈನಿ."

ಕೊನೆಗೆ ಸೋಮವಾರವೆಂದು ದೇವರ ಜಗುಲಿಯ ಮೇಲಿನ ಶಿವನಿಗೆ ಹಾಕಿದ್ದ ಹಾರ ನೆನಪಾಯಿತು. ಹೂವಿನ ನಡುನಡುವೆ ಕಾಮಕಸ್ತೂರಿ ಎಲೆ ಕಟ್ಟಿರುತ್ತಾರಲ್ಲ? ಕೈಮುಗಿದು ನಾಲ್ಕು ಎಲೆ ಬಿಡಿಸಿಕೊಂಡೆವು. ಶಿವನ ಕೊರಳಿಂದ ಥಾಯ್ಲೆಂಡಿಗೆ! ಅವನೇನೂ ಬೇಡ ಅನ್ನಲಿಲ್ಲ.

ಎಲೆಕೋಸು, ಗಜ್ಜರಿ, ಶುಂಠಿ, ಕುಟ್ಟಿದ ಶೇಂಗಾ ಸೇರಿಸಿ ಹೂರಣವಾಯಿತು. ಮೈದಾ ಹಿಟ್ಟಿನ ತೆಳ್ಳನೆ ಹಾಳೆಗಳಾದವು. ಅಡಿಗೆಮನೆ ಬಿಟ್ಟು ಪಡಸಾಲೆಯಲ್ಲಿ, ಅತ್ತೆಯವರ ಮಂಚದ ಎದುರೇ ಚಾಪೆ ಹಾಸಿದಳು. "ಇಲ್ಲಿ ಗಾಳಿ ಚಲೋ ಐತ್ರಿ" ಅಂದಳು. ಗಾಳಿಯೆಲ್ಲಿಂದ ಬರಬೇಕು, ಕಿಟಕಿಯೇ ಇಲ್ಲ!

ಮೊದಲನೆಯ ಕಡುಬು ಮಡಚಿ ಇಟ್ಟಳು. ಅದು ಮೆಲ್ಲಗೆ ಬಾಯಿ ಬಿಟ್ಟಿತು. ಎರಡನೆಯದು ಆಕಳಿಸಿತು. ಮೂರನೆಯದರ ಹೊಟ್ಟೆಯೇ ಹೊರಗೆ! ಪರದೇಶದ ಕಡುಬು ನೋಡಿ, ನಮ್ಮ ಕೈಗೆ ಒಗ್ಗುವುದಿಲ್ಲ ಅಂದುಕೊಂಡೆ. ಗೋಡೆಯ ಕಡೆಗಿದ್ದ ಮುಖ ಸ್ವಲ್ಪ ಈ ಕಡೆ ತಿರುಗಿತು.

"ಏನದು?"

"ಕಡುಬಬೇ."

"ಅದು ಕಡುಬು? ಕಪ್ಪಿ ಬಾಯಿ ತೆರೆದಂಗ ಐತಿ."

"ಥಾಯ್ಲೆಂಡಿನಾಗ ಹಿಂಗ ಇರ್ತಾವಬೇ."

"ಯಾಕ, ಥಾಯ್ಲೆಂಡಿನಾಗ ಕಲಿಸಾಕ ಯಾರಿಗೂ ಅವ್ವಗೋಳಿಲ್ಲೇನು?"

ನಾಲ್ಕನೆಯದೂ ಬಾಯಿ ಬಿಟ್ಟಿತು. ಅತ್ತೆಯವರಿಗೆ ತಡೆಯಲಾಗಲಿಲ್ಲ. "ಸರಿ ಅತ್ಲಾಗ!" ಎಂದು ಎದ್ದು ಕುಳಿತರು. ಕೈ ತೊಳೆಯಲು ನೀರು ಕೇಳಿದರು. ತಂಬಿಗೆ ತಂದು ನೀರು ಹಾಕಿದೆ. ಮೊದಲ ಮಡಿಕೆಗೆ ಅವರ ಬೆರಳು ತಡವರಿಸಿತು. ಆಮೇಲೆ ಆ ಬೆರಳುಗಳಿಗೆ ತಮ್ಮ ಹಳೆಯ ದಾರಿ ನೆನಪಾಯಿತು. ಸಣ್ಣ ದಡಿ, ಒಂದೇ ಸಮ. ತಾಯಿ ಮಡಚುವುದು, ಮಗಳು ಹಾಳೆ ಕೊಡುವುದು. ನಾನು ಒಲೆಯ ಮುಂದೆ ನಿಂತೇ ಕನಸು ಕಾಣತೊಡಗಿದ್ದೆ. ಕಾಯಿಹಾಲು ಮೋಡದಂತೆ ಮಗ್ಗುಲು ಬದಲಿಸುತ್ತಿತ್ತು. ನಿಂಬೆಹುಲ್ಲಿನ ಘಮ ಮನೆ ತುಂಬಿ, ತಲೆಬಾಗಿಲ ಹೊರಗೇ ಹೊಳೆ ಹರಿಯುತ್ತಿರುವಂತೆ ಅನ್ನಿಸಿತು. ತಳ ಸೇರಿದ್ದ ಕಡುಬುಗಳು ಒಂದೊಂದೇ ಪುಟ್ಟ ದೋಣಿಗಳಾಗಿ ಮೇಲೆ ತೇಲಿದವು.

ದೇವರಿಗೆ ಎಡೆ ಹಿಡಿಯದೆ ನಮ್ಮಲ್ಲಿ ಯಾರೂ ರುಚಿ ನೋಡುವಂತಿಲ್ಲ. ಹಾಗಾಗಿ ಥಾಯ್ಲೆಂಡಿನ ಸಾರಿನ ಉಪ್ಪು ಖಾರವನ್ನು ಮೊದಲು ಶಿವನೇ ನೋಡಿದ. ದೀಪ ಹಚ್ಚಿದ ಮೇಲೆ ಅತ್ತೆಯವರ ಮುಂದೆ ಬಟ್ಟಲು ಇಟ್ಟೆ. ಒಂದು ಚಮಚ ಕುಡಿದರು. ಕಣ್ಣು ಮುಚ್ಚಿದರು. ಮತ್ತೆ "ಮಣ್ಣು" ಅಂದರೆ? ಜಗುಲಿಯ ಕಡೆ ನೋಡಿದೆ.

"ಹುಳಿ ಕಮ್ಮಿ ಐತಿ. ಯಾರು ಹಿಂಡಿದ್ದು ನಿಂಬಿಹಣ್ಣು?"

"ನಾನ್ರಿ ಅತ್ತಿ."

"ಅದಕ್ಕ! ಇಷ್ಟು ವರ್ಷ ಆತು, ಹುಳಿ ಗೊತ್ತಾಗವಲ್ದು ನಿನಗ!"

ಅಯ್ಯೋ ನನ್ನಪ್ಪಾ ಶಿವನೇ! ಕೇಳಿದ್ದು ಒಂದು, ಕೊಟ್ಟದ್ದು ಒಂದರ ಮೇಲೊಂದು! ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನರ್ಧ ನಿಂಬೆಹಣ್ಣು ಹಿಂಡಿದೆ.

ನಾದಿನಿ ಯಾವಾಗಲೋ ಎದ್ದು ಹೊರಗಿನ ಕಟ್ಟೆಗೆ ಹೋಗಿ ಆಕಾಶ ನೋಡುತ್ತ ಕುಳಿತಿದ್ದಳು. ನಾನು ಅತ್ತೆಯವರ ಕಿವಿಯ ಹತ್ತಿರ, "ಅಂಥಾ ಚಲೋ ಕೈರಿ ಅಕಿದು. ಇವತ್ತ ಯಾಕ ಹಿಂಗಾತೋ! ಮೋಡ ನೋಡಕೋತ ಮಡಚಿರಬೇಕು" ಅಂದೆ.

ಅತ್ತೆಯವರು ಕಡುಬನ್ನು ನಿಧಾನವಾಗಿ ಅಗಿದು ನುಂಗಿದರು.

"ಹುಚ್ಚಿ, ಅಕಿಗೆ ಮಡಚಾಕ ಕಲಿಸಿದಾಕಿ ನಾನು. ಅಷ್ಟು ಕೆಟ್ಟಂಗ ಮಡಚಾಕ ನನ್ನ ಕೂಸಿನ ಬೆರಳಿಗೆ ಎಷ್ಟು ತ್ರಾಸ ಆತೋ ಏನೋ." ಬಟ್ಟಲು ಮುಂದೆ ಚಾಚಿದರು. "ಅಕಿಗೆ ಹೇಳಬ್ಯಾಡ. ಇನ್ನೊಂದೀಟು ಹಾಕು."

ಸಾರು ಹಾಕುತ್ತ ಬಾಗಿಲಾಚೆ ನೋಡಿದೆ. ಕಟ್ಟೆಯ ಮೇಲೆ ಅವಳ ಕಣ್ಣು ಇನ್ನೂ ಮೋಡದಲ್ಲೇ ಇತ್ತು. ಮಡಿಲಲ್ಲಿ ಬೆರಳುಗಳು ಮಾತ್ರ ತಮ್ಮ ಪಾಡಿಗೆ ಸೆರಗಿನ ಅಂಚನ್ನು ಮಡಚುತ್ತಿದ್ದವು. ಸಣ್ಣ ಸಣ್ಣ ಮಡಿಕೆ, ಒಂದೇ ಸಮ.